ನರಿಬೆಂಕಿ ಲೈನಿನಲ್ಲಿ ಹಲ್ಲುನೋವು

ಕುರ್ತಿವಾರಾ
ಭಾನುವಾರ, 9 ಮಾರ್ಚ್ 1958

ಪ್ರೀತಿಯ ತಂಗಿ ಸೈಮಾ,

ನಿನ್ನ ಮೂರು ಕಾಗದಗಳೂ ಬಂದಿವೆ. ಮೂರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಟಪಾಲು ಬಸ್ಸು ಬರುತ್ತಿಲ್ಲ ಅಂತ ಸುಳ್ಳು ಹೇಳಬಹುದಿತ್ತು. ಆದರೆ ಆ ಬಸ್ಸಿನ ಡ್ರೈವರು ನಿನ್ನ ಗಂಡನ ಚಿಕ್ಕಪ್ಪನ ಮಗ, ಸಿಕ್ಕಿಬೀಳುತ್ತೇನೆ. ಬರೆಯಲು ಕೂರುತ್ತಿದ್ದೆ, ಪೆನ್ನು ಹಿಡಿಯುತ್ತಿದ್ದೆ, ಆಮೇಲೆ ಎದ್ದು ಹೋಗಿ ಕಾಫಿಗೆ ಇಡುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ನೀನು, ನಿನ್ನ ಮಕ್ಕಳು, ನಿನ್ನ ಅತ್ತೆ, ಆ ಹೊಸ ಇಸ್ತ್ರಿಪೆಟ್ಟಿಗೆ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

"ಹೇಗಿದ್ದೀಯಕ್ಕಾ?" ಅಂತ ಮೂರರಲ್ಲೂ ಕೇಳಿದ್ದೀಯ. ಚೆನ್ನಾಗಿದ್ದೇನೆ ಕಣೇ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಮಲಗಿದರೆ ನಿದ್ದೆ ಬರುತ್ತದೆ, ಶನಿವಾರದ ಸೌನಾ ಹಬೆಸ್ನಾನ ತಪ್ಪಿಸಿಲ್ಲ. ನಿನ್ನ ಭಾವ ಅರ್ವಿ ಹೋಗಿ ನಾಲ್ಕು ತಿಂಗಳಾಯಿತು, ನನಗೆ ಇನ್ನೂ ಒಂದು ತೊಟ್ಟು ಕಣ್ಣೀರು ಬಂದಿಲ್ಲ. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದೆ. ಆ ಬೆರಳನ್ನು ಒಲೆಯ ಹತ್ತಿರ ಹಿಡಿದಾಗಲೇ ನೋವು ಶುರುವಾಗುವುದು. ನಾನು ಒಲೆಯ ಹತ್ತಿರ ಹೋಗುತ್ತಿಲ್ಲ ಅಂದುಕೋ. ಮೊನ್ನೆ ಪಾದ್ರಿಗಳು ಬಂದು, ನನ್ನ ಕೈ ಹಿಡಿದು, "ಅತ್ತುಬಿಡಿ ಲೆಂಪಿ, ಹಗುರಾಗುತ್ತೆ" ಅಂದರು. ನಾನು "ಇನ್ನೊಂದು ಬನ್ನು ತಗೊಳ್ಳಿ" ಅಂದೆ. ತಗೊಂಡರು.

ಕೆಲಸದ ವಿಷಯ ಕೇಳಿದ್ದೀಯ. ಇಷ್ಟು ವರ್ಷವಾದರೂ ನಮ್ಮ ಕೆಲಸವೇನೆಂದು ನಿಮ್ಮ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. "ಅಕ್ಕ ಭಾವ ಆಕಾಶ ನೋಡಿ ಸಂಬಳ ಎಣಿಸ್ತಾರೆ" ಅಂತ ನಿನ್ನ ಗಂಡ ಮದುವೆ ಊಟದಲ್ಲಿ ಎಲ್ಲರ ಮುಂದೆ ನಗಾಡಿದ್ದು ನಾನು ಮರೆತಿಲ್ಲ. ಈಗ ಹೇಳುತ್ತೇನೆ, ಅವನಿಗೂ ಓದಿ ಹೇಳು. ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಲಿ, ಆಮೇಲೆ ಅದನ್ನು ತೆರೆದು ಇನ್ನೊಂದು ಮುಚ್ಚಲಿ. ಹೆಬ್ಬೆರಳು ಎದುರು ಗೋಡೆಯ ಮೇಲೆ ಅತ್ತಿಂದಿತ್ತ ನೆಗೆಯುತ್ತದೆ. ಕುರ್ತಿವಾರಾದಲ್ಲಿರುವ ನಾನು ಒಂದು ಕಣ್ಣು. ಹರ್ಮಾ ಗುಡ್ಡದ ಗುಡಿಸಲಲ್ಲಿದ್ದ ಅರ್ವಿ ಇನ್ನೊಂದು ಕಣ್ಣು. ನಡುವೆ ಇಡೀ ಕಣಿವೆ. ಆಕಾಶದಲ್ಲಿ ನರಿಬೆಂಕಿ (ವೀಕ್ಷಣಾಲಯದವರ ಬಾಯಲ್ಲಿ ಧ್ರುವಪ್ರಭೆ) ಎದ್ದಾಗ ಇಬ್ಬರೂ ಒಂದೇ ಕ್ಷಣದಲ್ಲಿ ಅದರ ಫೋಟೋ ತೆಗೆಯಬೇಕು. ನನ್ನ ಫೋಟೋದಲ್ಲಿ ಆ ಹಸಿರು ಬೆಳಕಿನ ಅಂಚು ಒಂದು ನಕ್ಷತ್ರದ ಪಕ್ಕ ಇರುತ್ತದೆ, ಅವನದರಲ್ಲಿ ಇನ್ನೊಂದರ ಪಕ್ಕ. ಆ ಅಂತರದಿಂದ ಅದು ಎಷ್ಟು ಎತ್ತರದಲ್ಲಿತ್ತು, ಯಾವ ಕೆರೆಯ ನೆತ್ತಿಯ ಮೇಲಿತ್ತು ಎಂದು ಲೆಕ್ಕ ಹಾಕುತ್ತೇವೆ. ಆಮೇಲೆ ಗೋಡೆಯ ನಕ್ಷೆಯಲ್ಲಿ ಆ ಜಾಗಕ್ಕೆ ಒಂದು ಗುಂಡುಸೂಜಿ. ಒಂದೇ ಕಣ್ಣಿಗೆ ಎತ್ತರ ಸಿಗುವುದಿಲ್ಲ, ಅದು ಎಷ್ಟೇ ಚುರುಕಾಗಿರಲಿ. ಬೆಟ್ಟದ ನರಿ ಬಾಲದಿಂದ ಹಿಮ ಗುಡಿಸಿದಾಗ ಕಿಡಿ ಹಾರುವುದೇ ಈ ಬೆಂಕಿ ಅಂತ ಅಜ್ಜಿ ಹೇಳುತ್ತಿದ್ದಳಲ್ಲ, ಆ ಬಾಲದ ತುದಿ ನೂರು ಕಿಲೋಮೀಟರು ಮೇಲಿರುತ್ತದೆ ಎಂದು ಅವಳಿಗೆ ಯಾರು ಹೇಳಬೇಕಿತ್ತು!

ಇಬ್ಬರೂ ಒಂದೇ ಕ್ಷಣ ಹಿಡಿಯಬೇಕಾದರೆ ಫೋನೇ ಗತಿ. ಗುಡ್ಡಕ್ಕೆ ಹೋಗುವ ತಂತಿ ದಾರಿಯ ಐದು ಮನೆಗಳಿಗೂ ಸೇರಿ ಒಂದೇ, ಒಬ್ಬರು ಮಾತಾಡಿದರೆ ಐವರಿಗೂ ಕೇಳುತ್ತದೆ. ಅದರಲ್ಲೊಂದು ಮನೆ ಮೈದುನ ನೀಲೋನದು. ತಂತಿ ಜೋಡಿಸಿ ಕೊಡುವ ಹುಲ್ದಾ ನಿನಗೆ ಗೊತ್ತು, ಅಡಿಗೆಮನೆಯಲ್ಲೇ ಎಕ್ಸ್‌ಚೇಂಜು, ಊರಿನ ಸುದ್ದಿಯೆಲ್ಲ ಅವಳ ಏಪ್ರನ್ನಿನ ಜೇಬಿನಲ್ಲಿ. ನರಿಬೆಂಕಿ ಎದ್ದಿತೆಂದರೆ ಅವಳು ಐದು ಮನೆಗೂ ಗಂಟೆ ಬಾರಿಸಿ, "ನರಿಬೆಂಕಿ ಲೈನು! ಎಲ್ಲಾ ಬಾಯಿ ಮುಚ್ಕೊಳ್ಳಿ!" ಅಂತ ಕೂಗುತ್ತಿದ್ದಳು. ಎಲ್ಲರೂ ಫೋನ್ ಎತ್ತಿಕೊಂಡು ಕೇಳುವುದು ಇಲ್ಲಿನ ಪದ್ಧತಿ, ಯಾರೂ ಉಸಿರೆತ್ತದಿರುವುದೂ ಪದ್ಧತಿ. ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಬೆಳಕು ಹದಕ್ಕೆ ಬರುವ ತನಕ ಎಷ್ಟು ಹೊತ್ತಾದರೂ ಸರಿ, ಲೈನಿನಲ್ಲಿ ಸದ್ದಿಲ್ಲ. ಆಮೇಲೆ ಗುಡ್ಡದಿಂದ ಅರ್ವಿ "ಈಗ" ಅನ್ನುತ್ತಿದ್ದ, ಇಬ್ಬರೂ ಗುಂಡಿ ಒತ್ತುತ್ತಿದ್ದೆವು. "ಆಯ್ತು, ಇನ್ನು ಕೆಮ್ಮಬಹುದು" ಅನ್ನುತ್ತಿದ್ದಳು ಹುಲ್ದಾ. ಚಳಿಗಾಲವಿಡೀ ಅರ್ವಿ ಅಲ್ಲಿ, ನಾನಿಲ್ಲಿ. ನಮ್ಮ ಸಂಸಾರದ ಅರ್ಧ ಭಾಗ ಆ ಒಂದೇ ಮಾತಿನಲ್ಲಿ ನಡೆಯಿತು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಅಮ್ಮ ಹೇಳುತ್ತಿದ್ದಳು. ಹಾಗಾದರೆ ನಾವು ಸಾಹುಕಾರರು.

ನವೆಂಬರಿನಲ್ಲಿ ಅವನು ಆ ಗುಡಿಸಲಲ್ಲೇ, ಕ್ಯಾಮರಾ ಪಕ್ಕದಲ್ಲೇ ಹೋದದ್ದು ನಿನಗೆ ಗೊತ್ತು. ಹೃದಯ, ಅಂದರು ಡಾಕ್ಟರು.

ಜನವರಿಯಲ್ಲಿ ನೀಲೋ ಬಂದು, ಬಾಗಿಲಲ್ಲೇ ನಿಂತು, ಟೋಪಿ ತಿರುಗಿಸುತ್ತಾ, "ಅಣ್ಣನ ಜಾಗಕ್ಕೆ ನಾನು ಹೋಗ್ತೀನಿ ಅತ್ತಿಗೆ" ಅಂದ. ನನಗೆ ಮೂಗಿನ ಮೇಲೆ ಬೆರಳಿಡುವ ಹಾಗಾಯಿತು. ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವ ಜನ ಅದು. ಹರೆಯದಲ್ಲಿ ಒಬ್ಬಳನ್ನು ಮೆಚ್ಚಿ, ಅವಳಿಗೆ ಹೇಳಲು ಧೈರ್ಯ ಕೂಡಿಸುವ ಹೊತ್ತಿಗೆ ಅವಳಿಗೆ ಎರಡು ಮಕ್ಕಳಾಗಿದ್ದವು. ಹಿಮಸಾರಂಗಗಳ ಜೊತೆ ಇದ್ದೂ ಇದ್ದೂ ಅವನೂ ಮೂಗನಾಗಿದ್ದಾನೆ ಅಂತ ಅರ್ವಿಯೇ ಆಡಿಕೊಳ್ಳುತ್ತಿದ್ದ. ಈ ಕೆಲಸಕ್ಕೆ ಇಂಥವನೇ ಸರಿ ಅಂದುಕೊಂಡು, ಕ್ಯಾಮರಾ ತೋರಿಸಿಕೊಟ್ಟು ಕಳಿಸಿದೆ.

ಸೈಮಾ, ಆ ಮನುಷ್ಯ ಫೋನ್ ಹಿಡಿದರೆ ಬಾಯಿ ಮುಚ್ಚುವುದಿಲ್ಲ!

ಹಲ್ಲುನೋವಂತೆ. ಸಂಜೆ ನರಿಬೆಂಕಿ ಎದ್ದ ಕೂಡಲೇ ಶುರು. "ಅತ್ತಿಗೆ, ಇವತ್ತು ಎಡಗಡೆ ದವಡೆಯಿಂದ ಕಿವಿವರೆಗೂ ಹತ್ತಿದೆ. ಗಂಜಿ ಕುಡಿಯಕ್ಕೂ ಆಗ್ತಿಲ್ಲ. ನಾಯಿಗೆ ಹಾಕಿದೆ, ಅದೂ ಮೂಸಿ ನೋಡಿ ಹೋಯ್ತು. ಒಸ್ಕರಿ ಮನೆಯವರು ನನ್ನ ಹೆಣ್ಣು ಸಾರಂಗದ ಕಿವಿ ಗುರುತು ತಮ್ಮದು ಅಂತಿದಾರೆ, ಆ ಗುರುತು ಕುಯ್ದಿದ್ದೇ ನಾನು, ಅಲ್ವಾ ಒಸ್ಕರಿ, ಕೇಳ್ತಿದೀಯಾ? ಕೇಳ್ತಿದಾನೆ, ಮಾತಾಡಲ್ಲ ನೋಡಿ..."

"ನೀಲೋ, ಬಾಯಿ ಮುಚ್ಚು!" ಅನ್ನುತ್ತೇನೆ.

"ಮುಚ್ಚಿದೆ ಅತ್ತಿಗೆ. ಮುಚ್ಕೊಂಡೇ ಇದೀನಿ. ಒಲೆಗೆ ಒಂದು ಕೊರಡು ಹಾಕ್ತೀನಿ, ಅದರ ಸದ್ದು ಬರುತ್ತೆ, ಗಾಬರಿಯಾಗ್ಬೇಡಿ. ಹಾಕಿದೆ."

ತಲೆ ಚಿಟ್ಟು ಹಿಡಿಯುತ್ತದೆ. ಆ ಪ್ರವಾಹದ ನಡುವೆ "ಈಗ" ಬಂದಾಗ ನನ್ನ ಕೈ ತಡವಾಗುತ್ತದೆ. ಇಬ್ಬರ ಫೋಟೋ ಪಕ್ಕಪಕ್ಕ ಇಟ್ಟರೆ ಅತ್ತೆ ಸೊಸೆಯ ಹಾಗೆ, ಒಂದಕ್ಕೊಂದು ತಾಳಮೇಳವಿಲ್ಲ. ಜನವರಿಯಿಂದ ಒಂದು ಜೋಡಿಯೂ ಸರಿ ಬಂದಿಲ್ಲ, ನಕ್ಷೆಗೆ ಒಂದು ಸೂಜಿಯೂ ಬಿದ್ದಿಲ್ಲ. ಬೈದೆ, ಬೇಡಿಕೊಂಡೆ, ಹುಲ್ದಾಳಿಂದ ಹೇಳಿಸೋಣವೆಂದರೆ ಅವಳು ಈಗ "ನರಿಬೆಂಕಿ ಲೈನು" ಅಂತ ಕೂಗುವುದನ್ನೇ ಬಿಟ್ಟಿದ್ದಾಳೆ. ಸುಮ್ಮನೆ ತಂತಿ ಜೋಡಿಸಿ ಕೊಡುತ್ತಾಳೆ. "ಪಾಪ, ಹಲ್ಲುನೋವಲ್ವಾ, ಮಾತಾಡ್ಲಿ ಬಿಡು" ಅಂತ ನನಗೇ ಬುದ್ಧಿ ಹೇಳುತ್ತಾಳೆ. ಊರಿಗೆಲ್ಲ ಬಾಯಿ ಮುಚ್ಚಿಸುತ್ತಿದ್ದ ಹುಲ್ದಾ!

ಹೋದ ವಾರ ವೀಕ್ಷಣಾಲಯದ ತಿಕ್ಕನೆನ್ ಅವರೇ ಬಂದಿದ್ದರು. ಒಳ್ಳೆಯವರು. ಕೋಟು ಬಿಚ್ಚದೆ ನಕ್ಷೆಯ ಮುಂದೆ ತುಂಬ ಹೊತ್ತು ನಿಂತರು. ಈ ಚಳಿಗಾಲ ಸೂರ್ಯ ಕೆರಳಿದ್ದಾನೆ, ಅದಕ್ಕೇ ಬೆಂಕಿ ಹೆಚ್ಚು, ಲೋಕವೆಲ್ಲ ಸೇರಿ ನರಿಬೆಂಕಿಯ ನಕ್ಷೆ ಮಾಡುತ್ತಿದೆ, ನಮ್ಮ ಕಣಿವೆಯ ಜಾಗ ಮಾತ್ರ ನವೆಂಬರಿನಿಂದ ಖಾಲಿ, ಅಂದರು. "ತಿಂಗಳ ಕೊನೆಯೊಳಗೆ ಸರಿಯಾದ ಒಂದು ಜೋಡಿಯಾದರೂ ಬರಬೇಕು ಲೆಂಪಿ. ಇಲ್ಲದಿದ್ದರೆ ಗುಡ್ಡದ ಗುಡಿಸಲು ಮುಚ್ಚಿ, ತಾನೇ ಫೋಟೋ ತೆಗೆಯುವ ಕ್ಯಾಮರಾ ಇನ್ನೆಲ್ಲೋ ಇಡ್ತಾರೆ. ನನ್ನ ಕೈಯಲ್ಲಿಲ್ಲ." ಅಂದರೆ ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು. ನಾನು "ಸರಿ" ಅಂದೆ. ಅವರು ನನ್ನ ಮುಖ ನೋಡಿದರು. ಇನ್ನೂ ಏನಾದರೂ ಹೇಳಬಹುದು ಅಂತ ಕಾದರೋ ಏನೋ.

ಈಸ್ಟರಿಗೆ ತುರ್ಕುವಿಗೆ ಬಂದುಬಿಡು, ಹಿತ್ತಲ ಕಡೆಯ ಕೋಣೆಗೆ ಸುಣ್ಣ ಬಳಿಸಿದ್ದೇನೆ ಅಂತ ಬರೆದಿದ್ದೀಯ. ಬರಬಹುದು. ಬರಬೇಕು ಅಂತಲೂ ಅನ್ನಿಸುವುದಿಲ್ಲ, ಬೇಡ ಅಂತಲೂ ಅನ್ನಿಸುವುದಿಲ್ಲ. ಒಂದೇ ಒಂದು ವಿಷಯ ಕೊರೆಯುತ್ತದೆ. ಅರ್ವಿಯ ಸೂಜಿಗಳು ನಕ್ಷೆಯಲ್ಲಿ ದೊಡ್ಡ ಕೆರೆಯ ದಡದವರೆಗೆ ಬಂದು ನಿಂತಿವೆ. ಕೆರೆ ದಾಟಿಲ್ಲ. ಅದನ್ನು ಹಾಗೇ ಸುತ್ತಿ ಕಟ್ಟಿ ಯಾರಿಗೋ ಕೊಟ್ಟು ಬರಲು ನನಗೆ ಇಷ್ಟವಿಲ್ಲ. ಇನ್ನೊಂದೇ ಒಂದು ಸೂಜಿ ಹಾಕಬೇಕು. ನಾಳೆ ಆಕಾಶ ತಿಳಿಯಾಗಿದ್ದರೆ ನೀಲೋನಿಗೆ ಖಡಾಖಂಡಿತ ಹೇಳಿಬಿಡುತ್ತೇನೆ: ಬಾಯಿ ಮುಚ್ಚು, ಇಲ್ಲವೇ ಗುಡ್ಡ ಇಳಿ.

ದೇವರು ನಿಮ್ಮೆಲ್ಲರನ್ನೂ ತಣ್ಣಗೆ ಇಟ್ಟಿರಲಿ, ಅಂದರೆ ನಮ್ಮ ಊರಿನಷ್ಟು ತಣ್ಣಗೆ ಬೇಡ. ಮಕ್ಕಳು ಚೆನ್ನಾಗಿ ಬೆಳೆಯಲಿ. ಚಿಕ್ಕವಳನ್ನು ಟೋಪಿ ಹಾಕದೆ ಹೊರಗೆ ಬಿಡಬೇಡ.

ನಿನ್ನ ಅಕ್ಕ,
ಲೆಂಪಿ

ತಾ.ಕ. ಇವತ್ತು ಬುಧವಾರ. ಈ ಸಲ ನಿಜವಾಗಿಯೂ ಬಸ್ಸು ಬರಲಿಲ್ಲ, ಬೇಕಾದರೆ ಡ್ರೈವರನ್ನೇ ಕೇಳು. ಹಿಮ ಬಿದ್ದು ದಾರಿ ಮುಚ್ಚಿದೆ. ಅಂಟಿಸಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ, ಯಾಕೆಂದರೆ ನಿನಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ.

ನವೆಂಬರಿನ ಆ ಸಂಜೆ ಅರ್ವಿ ನನ್ನ ಜೊತೆ ಲೈನಿನಲ್ಲೇ ಇದ್ದ. ನರಿಬೆಂಕಿ ಕೆರೆಯ ಮೇಲೆ ಏಳುತ್ತಿತ್ತು. "ತಡಿ ಲೆಂಪಿ, ತಡಿ" ಅಂದ. ನಾನು ತಡೆದೆ. ಆ ಕಡೆ ಏನೋ ಕೆಳಗಿಟ್ಟ ಸದ್ದಾಯಿತು, ಕಾಫಿ ಲೋಟ ಇರಬೇಕು ಅಂದುಕೊಂಡೆ. ಆಮೇಲೆ ಮೌನ. ಪದ್ಧತಿಯಂತೆ ಇಡೀ ಲೈನೇ ಮೌನ, ಯಾರದೋ ಮನೆಯ ಗಡಿಯಾರ ಮಾತ್ರ ಕೇಳುತ್ತಿತ್ತು. ಬೆಳಕು ಹದಕ್ಕೆ ಬಂತು. ಅಂಥ ಬೆಳಕನ್ನು ನಾನು ನೋಡಿರಲಿಲ್ಲ. "ಯಾಕಿನ್ನೂ ಈಗ ಅನ್ನಲಿಲ್ಲ ಈ ಮುದುಕ, ಇನ್ನೂ ಚೆನ್ನಾಗಿ ಬರಲಿ ಅಂತ ಕಾಯ್ತಿದಾನೆ" ಅಂದುಕೊಂಡೆ. ಬೆಳಕು ಆರಿಹೋಗುವ ತನಕ ಫೋನನ್ನು ಕಿವಿಗೆ ಹಿಡಿದು ನಿಂತೇ ಇದ್ದೆ. ನನಗೆ ಬಹಳ ಸುಖವಾಗಿತ್ತು ಸೈಮಾ. ಅವನು ಅಲ್ಲಿಂದ ನೋಡುತ್ತಿದ್ದಾನೆ, ನಾನು ಇಲ್ಲಿಂದ ನೋಡುತ್ತಿದ್ದೇನೆ, ಇಬ್ಬರಿಗೂ ಒಂದೇ ಬೆಂಕಿ. ಆಗ ಅವನು ಇರಲೇ ಇಲ್ಲ. ಕೂಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಸತ್ತವನ ಜೊತೆ ನಿಂತು ನಾನು ಸುಖಪಟ್ಟೆನಲ್ಲ, ಅದನ್ನು ಯಾರ ಹತ್ತಿರ ಹೇಳಲಿ?

ಸೋಮವಾರ ಸಂಜೆ ಆಕಾಶ ತಿಳಿಯಾಯಿತು, ಕೆರೆಯ ಮೇಲೇ ಎದ್ದಿತು. ನೀಲೋ ಹಲ್ಲಿನ ಕಥೆ ತೆಗೆದ. ನನಗೆ ಎಲ್ಲಿತ್ತೋ ಸಿಟ್ಟು, "ನಿನ್ನ ಹಲ್ಲಿಗೆ ಬೆಂಕಿ ಬೀಳ! ಆಯುಷ್ಯವಿಡೀ ಬಾಯಿಗೆ ಬೀಗ ಹಾಕ್ಕೊಂಡಿದ್ದವನಿಗೆ ಈಗೇನು ಬಂತೋ? ಗಳಿಗೆ ಹೊತ್ತು ಸುಮ್ಮನಿರೋಕೆ ಏನು ದಾಡಿ ನಿನಗೆ?" ಅಂತ ಕಿರುಚಿದೆ.

ಸುಮ್ಮನಾದ. ಒಂದು ಉಸಿರಿನಷ್ಟು. ಅಷ್ಟಕ್ಕೇ ನಾನು "ನೀಲೋ? ನೀಲೋ?" ಅಂತ ಕೂಗಿಬಿಟ್ಟೆ.

"ಅತ್ತಿಗೆ, ಅವತ್ತು ನಾನೂ ಫೋನ್ ಹಿಡ್ಕೊಂಡಿದ್ದೆ" ಅಂದ ನೀಲೋ. "ಅಣ್ಣ 'ತಡಿ' ಅಂದಿದ್ದು ಕೇಳಿಸ್ತು. ಆಮೇಲೆ ಬಿದ್ದಿದ್ದೂ ಕೇಳಿಸ್ತು. ಲೈನಲ್ಲಿ ಮಾತಾಡ್ಬಾರದಲ್ಲ, ಅದಕ್ಕೆ ಕೂತಿದ್ದೆ. ಇನ್ನು ನನ್ನ ಕಡೆಯಿಂದ ಸದ್ದು ನಿಂತರೆ ನಾನು ಹೋದೆ ಅಂತ ನಿಮಗೆ ಆ ಕ್ಷಣಕ್ಕೇ ಗೊತ್ತಾಗ್ಬೇಕು. ನೀವು ಕಾಯ್ತಾ ನಿಲ್ಲಬಾರದು. ನನಗೆ ಮಾತಾಡಕ್ಕೆ ಏನೂ ಬರಲ್ಲ ಅತ್ತಿಗೆ. ಇರೋದು ಒಂದು ಹಲ್ಲು."

ಆಮೇಲೆ ಹುಲ್ದಾ ಮೆಲ್ಲಗೆ, "ನಾನೂ ಇದ್ದೆ ಕಣೇ ಲೆಂಪಿ" ಅಂದಳು. "ನಾವೂ" ಅಂದ ಒಸ್ಕರಿ. ಕೊನೆಯ ಮನೆಯ ಮುದುಕಿ, ಕಿವಿ ಕೇಳುವುದಿಲ್ಲ ಅಂತ ನಾವೆಲ್ಲ ತಿಳಿದುಕೊಂಡಿದ್ದವಳು, ಅವಳೂ "ನಾನೂ" ಅಂದಳು. ನಾಲ್ಕು ತಿಂಗಳಿಂದ ಎಲ್ಲರೂ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು. ಅವತ್ತು ನಾನು ಒಬ್ಬಳೇ ಕಾಯುತ್ತಿರಲಿಲ್ಲ.

"ಎಡಗಡೆ ದವಡೆಯೇನೋ ನೀಲೋ? ಊತ ಇಳಿದಿದೆಯಾ?" ಅಂತ ಕೇಳಿದೆ.

"ಇಲ್ಲ ಅತ್ತಿಗೆ" ಅಂತ ಶುರು ಮಾಡಿದ. ಮಾತಾಡುತ್ತಲೇ ಇರು, ಆದರೆ "ಈಗ" ಅನ್ನುವ ಮೊದಲು ಲೋಟಕ್ಕೆ ಚಮಚದಿಂದ ಒಂದು ಏಟು ಹಾಕು, ನನ್ನ ಕೈ ಎಚ್ಚರವಾಗುತ್ತದೆ ಅಂದೆ. ಹಾಗೇ ಮಾಡಿದ. ಇವತ್ತು ಬೆಳಿಗ್ಗೆ ನೀಲೋ ಸ್ಕೀ ಮೇಲೆ ಇಳಿದು ಬಂದು ತನ್ನ ಫಿಲ್ಮು ಕೊಟ್ಟು ಹೋದ. ತೊಳೆದು ಪಕ್ಕಪಕ್ಕ ಇಟ್ಟು ನೋಡಿದೆ. ಜೋಡಿ ಸರಿ ಬಂದಿದೆ. ಸೂಜಿ ಕೆರೆಯ ನಟ್ಟನಡುವೆ ಬಿತ್ತು. ಅದನ್ನು ಚುಚ್ಚುವಾಗ ಕೈ ಜಾರಿ ಬೆರಳಿಗೆ ತಾಗಿತು ಸೈಮಾ, ಚೆನ್ನಾಗಿ ನೋಯಿತು.

ಆ ಕೋಣೆಯನ್ನು ಬಾಡಿಗೆಗೆ ಕೊಡು, ನಾನು ಬರುವುದಿಲ್ಲ. ತುರ್ಕುವಿನ ಔಷಧಿ ಅಂಗಡಿಯಿಂದ ಒಂದು ಸೀಸೆ ಲವಂಗದ ಎಣ್ಣೆ ಕಳಿಸು, ದೊಡ್ಡ ಸೀಸೆಯೇ ಇರಲಿ. ಹಲ್ಲು ಕೀಳಿಸೋ ಅಂದರೆ ನೀಲೋ ಒಪ್ಪುತ್ತಿಲ್ಲ, ಆಮೇಲೆ ಏನು ಮಾತಾಡಲಿ ಅನ್ನುತ್ತಾನೆ.