ಮೂರನೆಯ ಮೆಟ್ಟಿಲು

ಅಕ್ಟೋಬರ್ 4, ಶನಿವಾರ

ಜಡೆಯ ಹಾಗೆ ಹೆಣೆದ ಏಲಕ್ಕಿ ಬ್ರೆಡ್ಡು ಎರಡು ಬೇಯಿಸಿದೆ. ಒಂದು ನಮಗೆ, ಒಂದು ಅಪ್ಪನಿಗೆ. ಅಮ್ಮ ತೀರಿಕೊಂಡ ಮೇಲೆ ಹನ್ನೊಂದು ವರ್ಷ, ಒಂದು ಶನಿವಾರವೂ ತಪ್ಪಿಲ್ಲ.

ಅಲ್ಲಿಗೆ ಹೋದರೆ ಮೇಜಿನ ಮೇಲೆ ತಂಗಿ ಸೋನ್ಯ ಮಾಡಿದ ಸೇಬಿನ ಪೈ. ಪಕ್ಕದಲ್ಲಿ ಅಪ್ಪನ ಬಂದೂಕು. ಲಿವರ್ ಎಳೆದು ಹೊಡೆಯುವ ಹಳೆಯದು, ನಲವತ್ತೊಂಬತ್ತು ವರ್ಷ ಅವನ ಭುಜಕ್ಕೊರಗಿದ್ದು. ಸೋನ್ಯ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಅಪ್ಪ ಅವಳಿಗೆ ಕೊಟ್ಟುಬಿಟ್ಟನಂತೆ. ನನ್ನನ್ನು ಕೇಳಲಿಲ್ಲ.

ಇಪ್ಪತ್ತಾರು ವರ್ಷ ಮಿನಿಯಾಪೊಲಿಸ್‌ನಲ್ಲಿ ಇದ್ದವಳು. ನಮ್ಮ ಚರ್ಚಿನ ಸಭೆ ಬಿಟ್ಟವಳು. ಈ ವಸಂತದಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದು ಅಪ್ಪನ ಮನೆಯಲ್ಲಿ ಕೂತಳು. ಬಂದೂಕೂ ಅವಳಿಗೇ.

ಅಪ್ಪ ಕಾರಣ ಹೇಳಿದ. ಹಳೆಯದರ ನೆತ್ತಿಯಿಂದಲೇ ಖಾಲಿ ತೋಟಾ ಹಾರುತ್ತದೆ, ಮೇಲೆ ದುರ್ಬೀನು ಕೂರುವುದಿಲ್ಲ, ನಿನ್ನ ಕಣ್ಣಿಗೆ ಮುಂದಿನ ಸಣ್ಣ ಗುರಿಮಣಿ ಇನ್ನು ಕಾಣದು ಎಂದು. ಐವತ್ತಾಯಿತು ಎಂದು ನನಗೇ ನೆನಪಿಸಿದ ಹಾಗೆ. ಸರಿ ಎಂದೆ. ಪೈ ತಿನ್ನಲಿಲ್ಲ.

ಅಕ್ಟೋಬರ್ 7

ಬೆಳಿಗ್ಗೆ ಬೈಬಲ್ ತೆರೆದರೆ ಲೇಯಳೂ ರಾಹೇಲಳೂ, ಅಕ್ಕ ತಂಗಿ. ಅಕ್ಕ ಲೇಯಳ ಕಣ್ಣು ಮಂದ, ಪ್ರೀತಿಯೆಲ್ಲ ತಂಗಿಗೆ. ಮುಚ್ಚಿಟ್ಟೆ.

ಕರ್ತನೇ, ಈ ಹೊಟ್ಟೆಯುರಿ ತೆಗೆ.

ಅಕ್ಟೋಬರ್ 18, ಶನಿವಾರ

ಕೊಂಡೆ. ಹೊಸದು. ಇದೂ ಲಿವರಿನದೇ — ನಮ್ಮ ಮನೆತನದಲ್ಲಿ ಬೇರೆಯದು ಯಾರೂ ಹಿಡಿದಿಲ್ಲ — ಆದರೆ ಇಂದಿನ ಕಾಲದ್ದು. ನಳಿಗೆ ತುಕ್ಕು ಹಿಡಿಯದ ಉಕ್ಕು. ಹೆಗಲಿಗೊರಗುವ ಭಾಗ ಬೂದುಬಣ್ಣದ ಪದರು ಮರ, ಎಷ್ಟು ಹಿಮ ಬಿದ್ದರೂ ಬಾಗದು. ಖಾಲಿ ತೋಟಾ ಪಕ್ಕಕ್ಕೆ ಹಾರುತ್ತದೆ, ಮೇಲೆ ದುರ್ಬೀನು ಗಟ್ಟಿಯಾಗಿ ಕೂತಿದೆ. ಲಿವರಿನ ಬಳೆ ದೊಡ್ಡದು, ಉಣ್ಣೆಯ ಕೈಗವಸು ಹಾಕಿಕೊಂಡೇ ಎಳೆಯಬಹುದು. ಟ್ರಿಗರ್ ಗಾಜಿನ ಕಡ್ಡಿ ಮುರಿದ ಹಾಗೆ.

ಕುಂದು: ತೋಟಾ ತುಂಬುವ ಬಾಗಿಲ ಅಂಚು ಚೂಪು. ಹೆಬ್ಬೆರಳು ಎರಡು ಕಡೆ ಸೀಳಿತು. ಹಳೆಯದಕ್ಕಿಂತ ತುಸು ಭಾರ. ವಾಸನೆ ಇಲ್ಲ — ಅಂದರೆ ಅಂಗಡಿಯ ವಾಸನೆ. ಹಳೆಯದರಲ್ಲಿ ಅಪ್ಪ ಹಿಡಿದು ನಡೆಯುವ ಕಡೆ ಕಪ್ಪು ಸವೆದು ಬೆಳ್ಳಿಯಾಗಿದೆ. ಇದರಲ್ಲಿ ಎಲ್ಲೂ ಏನೂ ಸವೆದಿಲ್ಲ.

ಸಂಜೆ ಎಣ್ಣೆ ಒರೆಸುತ್ತಿದ್ದೆ. ಡೇಲ್ ಕುರ್ಚಿಯಿಂದ, "ನನ್ನ ಬೆನ್ನಿಗೂ ಒಂದ್ ದಿನ ಇಷ್ಟು ಪ್ರೀತಿಯಿಂದ ಹಚ್ಚಿದ್ರೆ ಎದ್ದು ಕುಣೀತಿದ್ದೆ ಕಣೇ." ನಗು ಬಂತು. ಇಪ್ಪತ್ತೆಂಟು ವರ್ಷದಿಂದ ಜೊತೆಗಿರುವ ಗಂಡ, ಅಷ್ಟಾದರೂ ಬೇಕಲ್ಲ.

ಅಕ್ಟೋಬರ್ 25

ಗುರಿ ಅಭ್ಯಾಸಕ್ಕೆ ಜಲ್ಲಿ ಗುಂಡಿಗೆ ಅಪ್ಪ, ಸೋನ್ಯ, ನಾನು ಮೂವರೂ ಹೋದೆವು. ಗಾಳಿ ಸರೋವರದ ಕಡೆಯಿಂದ. ಗುರಿ ನೂರು ಹೆಜ್ಜೆ ದೂರ.

ನನ್ನದು: ಮೂರು ಗುಂಡು, ಕಾಫಿ ಲೋಟದ ಬಾಯಿಯೊಳಗೆ. ಸೋನ್ಯಳದು, ದುರ್ಬೀನಿಲ್ಲದೆ: ಅಂಗೈಯಗಲ. ನನ್ನದೇ ಮೇಲು. ಯಾರು ನೋಡಿದರೂ ನನ್ನದೇ ಮೇಲು.

ಅಪ್ಪ ನನ್ನ ಬಂದೂಕನ್ನು ಎತ್ತಿ ನೋಡಿದ. ಚೆನ್ನಾಗಿದೆ ಎಂದ. ವಾಪಸ್ಸು ಕೊಟ್ಟ. ಹಿಡಿದದ್ದು ನಾಲ್ಕು ಉಸಿರಿನಷ್ಟು ಹೊತ್ತು — ಎಣಿಸಿದೆ. ಆಮೇಲೆ ಎಂಬತ್ತೆರಡರ ಕಾಲಲ್ಲಿ ನೂರು ಹೆಜ್ಜೆ ನಡೆದುಹೋಗಿ, ಸೋನ್ಯಳ ಗುರಿ ಕಾಗದ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡ. ನನ್ನ ಕಾಗದ ಅಲ್ಲೇ ಗಾಳಿಗೆ ಪಟಪಟ.

ಅದನ್ನು ನಾನೇ ಕಿತ್ತು ಒಲೆಗೆ ಹಾಕಿದೆ.

ನವೆಂಬರ್ 9, ಭಾನುವಾರ

ಸಭೆಯಲ್ಲಿ ಇಂದು ಹಿಂದಿನ ಬೆಂಚಿನ ಮುದುಕಿ ಎದ್ದುಬಂದು ಪಕ್ಕದವಳ ಹತ್ತಿರ ಕ್ಷಮೆ ಕೇಳಿದಳು. ನಮ್ಮಲ್ಲಿ ಪಾದ್ರಿಯೇ ಆಗಬೇಕೆಂದಿಲ್ಲ, ನಂಬಿಕೆಯ ಯಾರಾದರೂ ಕುತ್ತಿಗೆ ತಬ್ಬಿ ಆ ಮಾತು ಹೇಳಿದರೆ ಸಾಕು — ಯೇಸುವಿನ ಹೆಸರಲ್ಲಿ, ಆತನ ರಕ್ತದಲ್ಲಿ, ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಟ್ಟಿವೆ, ನಂಬು. ಅಮ್ಮ ಇದನ್ನು ಫಿನ್ನಿಷ್‌ನಲ್ಲಿ ಹೇಳುತ್ತಿದ್ದಳು, ಹಾಡಿದ ಹಾಗೆ. ಹಿರಿಯರು ಫಿನ್ಲೆಂಡಿನಿಂದ ತಂದ ಆ ಭಾಷೆ ನನ್ನ ನಾಲಿಗೆಗೆ ಕೂರಲಿಲ್ಲ. ಎಷ್ಟು ಹೇಳಿಕೊಟ್ಟಳು.

ನಾನೂ ಏಳಬೇಕಿತ್ತು. ಕಾಲು ಏಳಲಿಲ್ಲ. ಅಂಥದ್ದೇನು ಮಾಡಿದ್ದೇನೆ, ಮನಸ್ಸಿನಲ್ಲಿ ತಾನೆ ಎಂದುಕೊಂಡೆ.

ನವೆಂಬರ್ 14, ಶುಕ್ರವಾರ. ಕ್ಯಾಂಪು, ಮಧ್ಯಾಹ್ನ

ನಾಳೆ ಬೇಟೆ ಶುರು. ಮಾಂಸ ತುಂಬಿ ಬೇಯಿಸಿದ ಪಾಸ್ಟಿ ಹದಿನೆಂಟು ತಂದಿದ್ದೇನೆ. ಕ್ಯಾಂಪಿನ ಮರದ ಮನೆಯ ಗೋಡೆಯ ಮೇಲೆ ಅಂಗಿಯ ಚೂರುಗಳು ಹಾಗೇ ಇವೆ. ಜಿಂಕೆಗೆ ಹೊಡೆದು ತಪ್ಪಿದವರು ಅಂದು ತೊಟ್ಟ ಅಂಗಿಯ ಹಿಂದೆ ಇಳಿಬಿದ್ದ ಬಾಲ ಕತ್ತರಿಸಿ, ಹೆಸರು ಇಸವಿ ಬರೆದು, ಮೊಳೆ ಹೊಡೆಯುವುದು ಅಜ್ಜನ ಕಾಲದಿಂದ. ಡೇಲ್‌ನದು ಆರು. ಅಪ್ಪನದು ಎರಡು. ನನ್ನದು ಮೂರು, ಕೊನೆಯದು ಹೋದ ವರ್ಷದ್ದು. ಸೋನ್ಯಳದು ಒಂದೂ ಇಲ್ಲ. ಇಲ್ಲಿ ಇದ್ದರೆ ತಾನೆ ತಪ್ಪುವುದು.

ಅಪ್ಪ ಊಟವಾಗಿ ಮಲಗಿದ. ನಾಳೆ ಅವನು ಸೋನ್ಯಳ ಜೊತೆ, ಜಿಂಕೆಗೆ ಕಾಯುವ ತನ್ನ ಮರೆಯಲ್ಲಿ ಕೂರುತ್ತಾನಂತೆ. ಆ ಮರೆಯೊಳಗೆ ನನ್ನನ್ನು ಒಂದು ದಿನವೂ ಕೂರಿಸಿಕೊಂಡವನಲ್ಲ. ಡೇಲ್ ಸೌದೆ ಒಡೆಯುತ್ತಿದ್ದಾನೆ. ಸೋನ್ಯ ನೀರಿಗೆ ಹೋದಳು. ಹಳೆಯ ಬಂದೂಕು ಗೂಟದ ಮೇಲೆ.

ಅದರ ನಳಿಗೆಯ ಮೇಲೆ, ಕಣ್ಣಿನ ಕಡೆಯ ಗುರಿಕಂಡಿಯ ಅಡಿಯಲ್ಲಿ, ಎತ್ತರ ಹೊಂದಿಸಲು ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ತಗಡು. ಅಪ್ಪನದು ಯಾವಾಗಲೂ ಮೂರನೆಯ ಮೆಟ್ಟಿಲಲ್ಲಿ. ಒಂದು ಮೆಟ್ಟಿಲು ಏರಿಸಿದರೆ ಗುಂಡು ಗುರಿಗಿಂತ ಅರ್ಧ ಅಡಿ ಮೇಲೆ ಹೋಗುತ್ತದೆ. ಬೆನ್ನ ಮೇಲಿಂದ. ಜಿಂಕೆಗೆ ಏನೂ ಆಗದು. ಒಂದು ಅಂಗಿಯ ಚೂರು, ಅಷ್ಟೇ.

ಬೆರಳ ಉಗುರೇ ಸಾಕಾಯಿತು.

ನವೆಂಬರ್ 15, ಸಂಜೆ

ನನ್ನದು ಏಳೂ ನಲವತ್ತಕ್ಕೆ. ಎಂಟು ಕವಲು ಕೊಂಬಿನ ಗಂಡು ಜಿಂಕೆ, ಎಪ್ಪತ್ತು ಹೆಜ್ಜೆ. ಒಂದೇ ಗುಂಡು, ಇಪ್ಪತ್ತಡಿ ನಡೆದು ಬಿತ್ತು. ಹೊಸ ಬಂದೂಕಿನಲ್ಲಿ ಹೇಳುವಂಥ ತಪ್ಪು ಒಂದೂ ಇಲ್ಲ. ಬರೆದಿಡಬೇಕು ಎಂದುಕೊಂಡಿದ್ದೆ, ಬರೆದೆ.

ಎಂಟೂ ಕಾಲಿಗೆ ಅಪ್ಪನ ಮರೆಯ ಕಡೆಯಿಂದ ಹಳೆಯದರ ಸದ್ದು. ಒಂದೇ.

ಆಮೇಲೆ ಯಾರೂ ಬರಲಿಲ್ಲ. ಒಂಬತ್ತಾಯಿತು. ಹತ್ತು. ಹುಡುಕಿಕೊಂಡು ಹೋದೆ. ಸೀಡರ್ ಜೌಗಿನಲ್ಲಿ ಅಪ್ಪ ಮೊಣಕಾಲು ಮಟ್ಟ ನೀರಲ್ಲಿ ನಿಂತಿದ್ದ. ಹಿಮದ ಮೇಲೆ ಜಿಂಕೆಯ ಬೆನ್ನ ಕೂದಲು ಒಂದು ಹಿಡಿ ಬಿದ್ದಿತ್ತಂತೆ. ರಕ್ತ ಇಲ್ಲ. ಆದರೂ ಗಾಯವಾಗಿ ಎಲ್ಲಾದರೂ ಬಿದ್ದು ನರಳುತ್ತಿದ್ದರೆ ಎಂದು ಎರಡು ಗಂಟೆ ಹೊತ್ತಿನಿಂದ ಜಾಡು ಹಿಡಿದಿದ್ದಾರೆ. ಸೋನ್ಯಳ ತುಟಿ ನೀಲಿ. ಅಪ್ಪ ನಡುಗುತ್ತಿದ್ದ. ಸಾಕು ಅಪ್ಪ ಎಂದೆ. ಆ ತಿರುವು ಒಂದು ನೋಡೋಣ ಎಂದ.

ಹನ್ನೊಂದೂವರೆಗೆ ಅದು ಹೊಳೆ ದಾಟಿ ಸರಿಯಾಗಿ ನೆಗೆದು ಹೋದ ಗುರುತು ಸಿಕ್ಕಿತು. ಅಪ್ಪ ಟೋಪಿ ತೆಗೆದ.

ಕ್ಯಾಂಪಿಗೆ ಬಂದು ಸೋನ್ಯ ಕೋಟು ಬಿಚ್ಚಿದಳು. ಒಳಗೆ ಅಮ್ಮನ ಅಂಗಿ. ಕೆಂಪು ಚೌಕಳಿಯ ಉಣ್ಣೆಯದು, ಮೊಣಕೈಗೆ ಅಮ್ಮನೇ ಹಾಕಿದ ತೇಪೆ. ನನಗೆ ಗೊತ್ತಿರಲಿಲ್ಲ. ಅಪ್ಪ ಕತ್ತರಿ ಹಿಡಿದವನು ಹಾಗೇ ನಿಂತ. ಇದು ಬೇಡ, ಬೇರೆಯದು ಹಾಕಿಕೊ ಎಂದ.

"ಇವತ್ತು ಹಾಕಿದ್ದು ಇದೇ ಅಲ್ವಾ ಅಪ್ಪ. ನಾನ್ ತಪ್ಪಿದೀನಿ. ಕತ್ತರಿಸು."

ನಾನು ಒಲೆಯ ಮುಂದೆ ಈರುಳ್ಳಿ ಬಾಡಿಸುತ್ತಿದ್ದೆ. ತಿರುಗಿದ್ದರೆ ಸಾಕಿತ್ತು, ಬಾಯಿ ತೆರೆದಿದ್ದರೆ ಸಾಕಿತ್ತು. ಉಣ್ಣೆ ಕತ್ತರಿಸುವ ಸದ್ದು ಬಹಳ ಹೊತ್ತು ಹಿಡಿಯಿತು. ಈರುಳ್ಳಿ ಕರಕಾಯಿತು.

ಊಟವಾದ ಮೇಲೆ ಅಪ್ಪ ಹಳೆಯದನ್ನು ಕಿಟಕಿಯ ಬೆಳಕಿಗೆ ತೆಗೆದುಕೊಂಡು ಹೋದ. ಒರೆಸಿದ. ಒರೆಸುವ ಕೈ ನಿಲ್ಲಿಸಿದ. ಉಗುರಿನಿಂದ ಏನೋ ಜರುಗಿಸಿದ.

"ಮೂರನೇ ಮೆಟ್ಲು," ಎಂದ, ಯಾರಿಗೂ ಅಲ್ಲದ ಹಾಗೆ. "ನಲವತ್ತೊಂಬತ್ತು ವರ್ಷದಿಂದ ಮೂರನೇ ಮೆಟ್ಲೇ."

ಸೋನ್ಯ ಪಾತ್ರೆ ತೊಳೆಯುತ್ತಿದ್ದಳು, ಕೇಳಿಸಲಿಲ್ಲ. ಅಪ್ಪ ನನ್ನ ಕಡೆ ನೋಡಿದ. ನಿನ್ನ ಗಂಡು ಜಿಂಕೆ ಚೆನ್ನಾಗಿದೆ, ಒಳ್ಳೆಯ ಗುರಿ ಎಂದ. ಈ ಮಾತಿಗೆ ಎಷ್ಟು ವರ್ಷ ಕಾದಿದ್ದೆ.

ನವೆಂಬರ್ 16, ಭಾನುವಾರ

ಸಭೆಗೆ ಹೋದೆ. ಕೇಳಿದ್ದರೆ ಹತ್ತು ಜನ ಕುತ್ತಿಗೆ ತಬ್ಬುತ್ತಿದ್ದರು. ಏನು ಎತ್ತ ಎಂದು ಯಾರೂ ಕೇಳುತ್ತಿರಲಿಲ್ಲ. ಅಷ್ಟು ಸುಲಭ.

ಕೇಳಲಿಲ್ಲ. ತಪ್ಪು ಮಾಡಿದ್ದು ಅವರಿಗಲ್ಲ.

ಅಪ್ಪನಿಗೆ ಕೆಮ್ಮು ಶುರುವಾಗಿದೆ.

ನವೆಂಬರ್ 17

ಕೆಮ್ಮು ಹಾಗೇ. ಸೋನ್ಯ ಫೋನ್ ಮಾಡಿ ಹೇಳಿದಳು. ಜೌಗಿಗೆ ತಾನೇ ಕರೆದುಕೊಂಡು ಹೋದದ್ದು, ತನ್ನದೇ ತಪ್ಪು ಎಂದು ಅತ್ತಳು. ಫೋನ್ ಇಟ್ಟೆ.

ನವೆಂಬರ್ 19, ಬುಧವಾರ

ಬುಧವಾರವೇ ಬ್ರೆಡ್ಡು ಮಾಡಿ ತೆಗೆದುಕೊಂಡು ಹೋದೆ. ಅಪ್ಪನಿಗೆ ವಾಸಿ. ಎದ್ದು ಸೌದೆಮನೆಗೆ ಹೋಗಿದ್ದ. ಸೋನ್ಯ ಹಿಟ್ಟು ನಾದುತ್ತಿದ್ದಳು. ಅಮ್ಮನದೇ ಅಂಗಿ, ಹಿಂದೆ ಬಾಲವಿಲ್ಲ.

ನಿಂತುಕೊಂಡೇ ಹೇಳಿದೆ. ಮೆಟ್ಟಿಲು ಏರಿಸಿದ್ದು, ಕತ್ತರಿಸುವಾಗ ಸುಮ್ಮನಿದ್ದದ್ದು, ಎಲ್ಲ.

ನಾದುವ ಕೈ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು.

"ಯಾಕಕ್ಕ?"

ಅಪ್ಪ ನಿನ್ನ ಕಾಗದ ಜೇಬಿಗಿಟ್ಟುಕೊಂಡ ಎಂದೆ. ಐವತ್ತು ವರ್ಷದ ಹೆಂಗಸು ಆಡುವ ಮಾತೇ ಇದು? ಆದರೂ ಅದೇ ನಿಜ.

ಸೋನ್ಯ ಹಿಟ್ಟನ್ನು ಮಗುಚಿ ಹಾಕಿದಳು. "ಶುಕ್ರವಾರ ಬಂತೂಂದ್ರೆ ಅಪ್ಪ ನನ್ನ ಪೈ ಮುಟ್ಟಲ್ಲ, ಗೊತ್ತಾ? ನಾಳೆ ಅಕ್ಕನ ಬ್ರೆಡ್ಡು ಬರತ್ತೆ, ಹೊಟ್ಟೇಲಿ ಜಾಗ ಇರ್ಲಿ ಅಂತಾನೆ. ಏಪ್ರಿಲ್‌ನಿಂದ ನಾನು ಪೈ ಮಾಡಿ ಮಾಡಿ ಸುಸ್ತಾದೆ."

ಕುರ್ಚಿ ಎಳೆದುಕೊಂಡೆ. ಕೂತೆ. ಭಾನುವಾರ ಸಭೆಯಲ್ಲಿ ಯಾರನ್ನಾದರೂ ಕೇಳಿ ಕ್ಷಮೆಯ ಮಾತು ಹೇಳಿಸಿಕೊಳ್ಳುತ್ತೇನೆ ಎಂದೆ. ನೀನು ಸಭೆ ಬಿಟ್ಟವಳು, ನಿನ್ನನ್ನು ಕೇಳುವ ಹಾಗಿಲ್ಲವಲ್ಲ ಎಂದೂ ಅಂದೆ. ಅಷ್ಟು ಬೇಗ ಹೋಗುವ ಬುದ್ಧಿಯಲ್ಲ ನನ್ನದು.

ಅವಳು ಹಿಟ್ಟಿನ ಕೈಯಲ್ಲೇ ಬಂದು ನನ್ನ ಕುತ್ತಿಗೆ ತಬ್ಬಿದಳು. ಕಿವಿಯ ಹತ್ತಿರ ಹೇಳಿದಳು. ಯೇಸುವಿನ ಹೆಸರಲ್ಲಿ, ಆತನ ರಕ್ತದಲ್ಲಿ — ಫಿನ್ನಿಷ್‌ನಲ್ಲಿ, ಪೂರ್ತಿ. ಇಪ್ಪತ್ತಾರು ವರ್ಷ ಬಾಯಿಗೆ ಬಾರದ ಮಾತು, ಒಂದಕ್ಷರ ಎಡವಲಿಲ್ಲ. ಕೊನೆಯಲ್ಲಿ ದನಿ ಏರಿಸಿ ಇಳಿಸಿದ್ದೂ ಅಮ್ಮನ ಹಾಗೇ.

ಭಾರ ಇಳಿಯಿತು. ನಿಜಕ್ಕೂ ಇಳಿಯಿತು, ಕರ್ತನಿಗೆ ಸ್ತೋತ್ರ. ಬ್ಲೌಸಿನ ಮೇಲೆ ಅವಳ ಬೆರಳ ಹಿಟ್ಟಿನ ಗುರುತು ಈಗಲೂ ಇದೆ, ಒಗೆಯಲು ಹಾಕಿಲ್ಲ. ಬರೆಯುತ್ತ ಕೂತರೆ ಅದೇ ಕಿವಿಯಲ್ಲಿ. ಬಂದೂಕು ಹೋಗಲಿ. ಅಂಗಿ ಹೋಗಲಿ. ಅಮ್ಮನ ದನಿ ಕೂಡ ಅವಳಿಗೇ —