ಲಾಸ್ತ್ರಿ ಅವ್ವನ ಎಲಿ

ಆಗಸ್ಟ್ ೫, ಮಂಗಳವಾರ. ಮುಂಜಾನೆ

ಹಾಲು ಕಾಸಿ ಹೆಪ್ಪು ಹಾಕಿದೆ. ಮೊಮ್ಮಗ ಅಂಬರೀಶನ ಹೇಣ್ತಿ ಲಾಸ್ತ್ರಿ ಮತ್ತ ಅದನ್ನ ಮಾಡ್ಯಾಳ — ತೆಂಪೆ. ಸೋಯಾ ಕಾಳು ಕುದಿಸಿ, ಬಾಳಿ ಎಲ್ಯಾಗ ಕಟ್ಟಿ, ಬಿಳೀ ಬೂಷ್ಟು ಹತ್ತೂತನಾ ಬೆಚ್ಚಗ ಇಡೂದು. ನಾವು ಬೂಷ್ಟು ಹತ್ತಿದ್ದು ತಿಪ್ಪಿಗೆ ಒಗೀತೇವಿ. ಇಕಿ ಎಣ್ಯಾಗ ಕರೀತಾಳ.

"ನಿಮ್ಮ ಜಾವಾದಾಗ ತಿನ್ನಾಕ ಬ್ಯಾರೆ ಏನೂ ಸಿಗಲಿಲ್ಲೇನಬೇ?" ಅಂದೆ. ನಕ್ಕಳು. ಕನ್ನಡ ಅರ್ಧ ತಿಳೀತೈತಿ, ನನ್ನ ಬೈಗಳ ಪೂರಾ ತಿಳೀತೈತಿ.

ಅಂಬರೀಶ ಮಗ್ಗದ ಮೆಕ್ಯಾನಿಕ್. ಬೆಟಗೇರ್‍ಯಾಗ ಮಗ್ಗ ಇರಲಿಲ್ಲೇನು... ಸಮುದ್ರ ದಾಟಿ ಇಂಡೋನೇಷ್ಯಾದಾಗಿನ ಜಾವಾದ ಮಿಲ್ಲಿಗೆ ಹೋದ. ಇಕಿನ್ನ ಕಟಿಗೊಂಡು ಬಂದ.

ಅಕಿ ಹಿತ್ತಲಕ್ಕ ಹೋದಾಗ ಒಂದು ತುಂಡು ತಿಂದೆ. ಬೆಳ್ಳೊಳ್ಳಿ, ಉಪ್ಪು. ಇನ್ನೊಂದು ತಿಂದೆ. ಹೇಳೂದಿಲ್ಲ.

ಆಗಸ್ಟ್ ೨೩, ಶನಿವಾರ

ಲಾಸ್ತ್ರಿಯ ಹಡದವ್ವ ಜಾವಾದಾಗ ತೀರಿದಳು. ಖಬರ ಫೋನಿನ್ಯಾಗ ಬಂತು. ಇಕಿ ಏಳು ತಿಂಗಳ ಬಸುರಿ — ವಿಮಾನ ಬ್ಯಾಡ ಅಂದ್ರು ಡಾಕ್ಟರ್. ಮಣ್ಣ ಮಾಡೂದೂ ಫೋನಿನ್ಯಾಗಽ ನೋಡಿದಳು.

ಓಣಿ ಅಮೀನಬಿ ಬಂದು ಅಕಿನ್ನ ಅಪ್ಪಿಕೊಂಡು ಕುಂತಳು. ನಾ ಚಾ ಮಾಡಿದೆ. ನನಗ ಅಷ್ಟಽ ಬರತೈತಿ.

ಸೆಪ್ಟೆಂಬರ್ ೧೪, ರವಿವಾರ

ಬರೂ ರವಿವಾರ ಮಹಾನವಮಿ ಅಮಾಸಿ. ಸತ್ತ ಹಿರಿಯರಿಗೆ ಎಲಿ ಹಾಕಿ ಎಡಿ ಇಡಬೇಕು.

"ನಮ್ಮ ಕಡೆನೂ ಐತಿ ಅಜ್ಜಿ," ಅಂದಳು ಲಾಸ್ತ್ರಿ. ಸತ್ತವರ ಹೆಸರಿಲೆ ಓಣಿಯವರನ್ನ ಚಾಪಿ ಮ್ಯಾಲೆ ಕುಂಡ್ರಸತಾರಂತ. ಅರಿಶಿಣ ಅನ್ನ ಗುಡ್ಡದಂಗ. ಸುತ್ತ ತೆಂಪೆ, ಪಲ್ಯ. ಉಳಿದದ್ದು ಎಲ್ಯಾಗ ಕಟ್ಟಿ ಮನಿಗೆ ಕೊಡತಾರಂತ. "ಅಮ್ಮಗ ಒಂದು ಎಲಿ ಇಡಲಾ?"

"ನಿಮ್ಮವ್ವಗ ಬೆಟಗೇರಿ ದಾರಿ ಗೊತ್ತೈತೇನ?"

ಅಕಿ ಮಾರಿ ಸಣ್ಣದಾತು. "ಆತು, ಇಡು," ಅಂದೆ. ಮೊದಲಽ ಅನ್ನಬೇಕಿತ್ತು.

ಸೆಪ್ಟೆಂಬರ್ ೧೯, ಶುಕ್ರವಾರ. ಸಂಜಿಮುಂದ

ಎಡಿ ಇಡೂ ಮೊದಲ ಅಡಗಿ ಮನ್ಯಾಗ ಹಳಸಿದ್ದು ಒಂದೂ ಉಳೀಬಾರದು. ನಮ್ಮತ್ತಿ ಕಾಲದ ಪದ್ಧತಿ. ಡಬ್ಬಿ ಎಲ್ಲಾ ಇಳಿಸಿದೆ. ಗ್ವಾಡಿ ಮಾಡದಾಗ ಒಂದು ಅರಿವಿ ಗಂಟು. ಬಿಚ್ಚಿದೆ — ಒಣಗಿದ ಸಾಗವಾನಿ ಎಲಿ, ಮ್ಯಾಲೆ ಕರೀ ಬೂಷ್ಟು. ನೀರೊಲಿಗೆ ಹಾಕಿದೆ.

ಲಾಸ್ತ್ರಿ ಕಾಳು ಕುದಿಸಿ, ಮಾಡಕ್ಕ ಕೈ ಹಾಕಿದಳು. "ಅಜ್ಜಿ... ಎಲಿ?"

ತೆಂಪೆಗೆ ಅದಽ ಹೆಪ್ಪಂತ. ಮದುವಿ ದಿನ ಅವ್ವ ಕೊಟ್ಟಿದ್ದಳಂತ. ಪ್ರತಿ ಸಲಾ ಆ ಬೂಷ್ಟು ಹೊಸ ಎಲಿಗೆ ಹತ್ತಿಸಿ ಇಟಗೊಂಡು ಬಂದಿದ್ದಳು. ಅವ್ವಗ ಅಕಿ ಅವ್ವ ಕೊಟ್ಟಿದ್ದು.

ಬೈಲಿಲ್ಲ ಹುಡುಗಿ. ಕುದಿಸಿದ ಕಾಳು ಅಮೀನಬಿ ಆಡಿಗೆ ಹಾಕಿ ಬಂದಳು.

ಎಲ್ಲಾ ತಗದೆ, ನನ್ನ ಹೆಪ್ಪಿನ ಗಡಿಗಿ ಮುಟ್ಟಲಿಲ್ಲ. ಅದು ನಮ್ಮತ್ತಿ ಕೊಟ್ಟಿದ್ದು, ಅದಕ್ಕ...

ಸೆಪ್ಟೆಂಬರ್ ೨೦

"ಅದರ ಪುಡಿ ಆನ್‌ಲೈನ್ ಸಿಗತೈತಿ, ಬಿಡಬೇ," ಅಂದ ಅಂಬರೀಶ.

"ಅಕಿ ಅವ್ವನ್ನೂ ಆನ್‌ಲೈನ್ ತರಸಲೇ ಮೂಳಾ."

ನೀರೊಲಿ ಬೂದಿ ಕೆದರಿ ನೋಡಿದೆ. ಹುಚ್ಚಿ ನಾ.

ಸೆಪ್ಟೆಂಬರ್ ೨೧, ರವಿವಾರ. ಅಮಾಸಿ

ಎಡಿ ಆತು. ಎಲಿ ಎಲಿ ಮುಂದ ಹೆಸರು ಹಿಡಿದು ಕರೀಬೇಕು. ಇಲ್ಲಂದ್ರ ಯಾರ ಊಟ ಯಾರಿಗೆ? ಗವಿಸಿದ್ದಪ್ಪ — ಗಂಡನ ಹೆಸರು ವರ್ಷಕ್ಕ ಇದೊಂದಽ ದಿನ ನನ್ನ ಬಾಯಾಗ ಬರೂದು. ಅತ್ತಿ ಹನಮಂತವ್ವ.

ಕಡೀ ಎಲಿ ಲಾಸ್ತ್ರಿಯ ಅವ್ವಂದು, ನಾನಽ ಬಡಿಸಿದ್ದೆ. ಅರಿಶಿಣ ಅನ್ನ ಗುಡ್ಡದಂಗ ಒಟ್ಟಿದ್ದೆ. ತೆಂಪೆ ಜಾಗಾದಾಗ ನನ್ನ ಗಡಿಗಿ ಮೊಸರು ಹಾಕಿದ್ದೆ. "ಬಾರವ್ವಾ..." ಅಂದು ನಿಂತಬಿಟ್ಟೆ. ಹೆಸರು ಗೊತ್ತಿಲ್ಲ. ಬೂಷ್ಟಿಗೆ ಇಷ್ಟು ದಿನ ಬೈದೆ, ಇದೊಂದು ಕೇಳಲಿಲ್ಲ.

"ಸುಮಾರ್ನಿ," ಅಂದಳು ಲಾಸ್ತ್ರಿ, ಹಿಂದಿಂದ.

ಕರದೆ.

ಆಮ್ಯಾಲೆ ಮೆಲ್ಲಕ ಬಂದು ಮೊಸರು ಬಾಜೂಕ ಸರಿಸಿದಳು. "ಅಮ್ಮ ಮೊಸರು ತಿನ್ನೂದಿಲ್ಲ ಅಜ್ಜಿ."

"ಮತ್ತ ಏನು ಸೇರತಿತ್ತು ಅಕಿಗೆ?"

ಎಲ್ಯಾಗಿನ ಖಾಲಿ ಜಾಗಾ ನೋಡಿದಳು. ನಾನೂ ನೋಡಿದೆ. ಅನ್ನ ಆರಾಕ ಹತ್ತಿತ್ತು. "ನಿನ್ನ ತೆಂಪೆ ನಾ ಕದ್ದು ತಿಂದೇನಿ, ರುಚಿ ಇತ್ತಬೇ," ಅಂದೆ.