ಒತ್ತಿದರೂ ಗುಡುಗದ ಎಂಜಿನ್: ನಮ್ಮ ಕಾರ್ಖಾನೆಯ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ಇನ್ನು ಮುಂದೆ ನಮ್ಮ ಕಾರ್ಖಾನೆಯ ಒಂದು ಸ್ಪೋರ್ಟ್ಸ್ ಕಾರೂ ಬರೀ ಪೆಟ್ರೋಲಿನಲ್ಲಿ ಓಡುವುದಿಲ್ಲ, ಎಲ್ಲಕ್ಕೂ ಬ್ಯಾಟರಿ ಕೂಡಿಸಿ ಹೈಬ್ರಿಡ್ ಮಾಡುತ್ತೇವೆ ಎಂದು ನೀವು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ‘ನಮ್ಮ’ ಕಾರ್ಖಾನೆ ಎಂದಿದ್ದೇನೆ, ಗಮನಿಸಿ. ನೀವು ಮಿಲಾನಿನಿಂದ ಬಂದದ್ದು ಮೊನ್ನೆ ಮೊನ್ನೆ. ನನ್ನ ಮಾವ, ನನ್ನ ಗಂಡ, ಈಗ ಮೊಮ್ಮಗಳು ಜಿನೆವ್ರಾ, ಎಲ್ಲರೂ ಆ ಎಂಜಿನ್ ವಿಭಾಗದಲ್ಲೇ ಕೈ ಕಪ್ಪು ಮಾಡಿಕೊಂಡವರು.

ಹೊಗೆಯ ವಿಚಾರ ನನಗೆ ಹೇಳಿಕೊಡಬೇಡಿ. ಪೋ ನದಿಯ ಬಯಲಿನ ಈ ಕೊಳಕು ಮಂಜನ್ನು ಹುಟ್ಟಿದಂದಿನಿಂದ ಉಸಿರಾಡುತ್ತಿರುವವಳು ನಾನು. ಬಸ್ಸುಗಳನ್ನು, ಕಸದ ಲಾರಿಗಳನ್ನು, ದಿನವಿಡೀ ಊರು ಸುತ್ತುವ ಬ್ರೆಡ್ ವ್ಯಾನನ್ನು ವಿದ್ಯುತ್ತಿಗೆ ತಿರುಗಿಸಿ, ಚಪ್ಪಾಳೆ ತಟ್ಟುತ್ತೇನೆ. ಆದರೆ ನಿಮ್ಮ ಕಾರುಗಳು ವರ್ಷದ ಬಹುಪಾಲು ಶ್ರೀಮಂತರ ಗ್ಯಾರೇಜಿನಲ್ಲಿ ಮುಸುಕು ಹೊದ್ದು ಮಲಗಿರುತ್ತವೆ. ಅವುಗಳಿಂದ ಯಾವ ಆಕಾಶ ತಿಳಿಯಾಗುತ್ತದೆ? ಸ್ಪೋರ್ಟ್ಸ್ ಕಾರು ಅವಶ್ಯಕ ವಸ್ತುವಲ್ಲ, ನಿಜ. ಕ್ರಿಸ್‌ಮಸ್ಸಿಗೆ ನಾವು ಪುಟ್ಟ ತೊರ್ತೆಲ್ಲಿನಿ ಕಡುಬುಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಮಡಚುವುದೂ ಅವಶ್ಯಕತೆಗಲ್ಲ. ಅಂಗಡಿಯಲ್ಲಿ ಸಿಗುತ್ತದೆಂದು ಅದನ್ನೂ ಬಿಡಬೇಕೆ?

ಹೊಸ ಮಾದರಿಯ ಕಾರನ್ನು ಮೊದಲ ಸಲ ಚಾಲೂ ಮಾಡುವಾಗ, ಎಂಜಿನ್ ವಿಭಾಗದ ಮನೆತನಗಳಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಗುಂಡಿ ಒತ್ತುವುದು ಇಲ್ಲಿನ ರೂಢಿ. ಈ ವಸಂತದಲ್ಲಿ ಆ ಸರದಿ ನನ್ನದಾಗಿತ್ತು. ಹೊರಗೇ ನಿಂತು, ಕಿಟಕಿಯಿಂದ ಕೈ ಹಾಕಿ, ನಿಮ್ಮ ಮೊದಲ ಹೈಬ್ರಿಡ್ಡಿನ ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಸದ್ದಿಲ್ಲ. ಮೂರನೆಯ ಸಲ ಜೋರಾಗಿಯೇ ಒತ್ತಿದೆ.

ಜಿನೆವ್ರಾ ಓಡಿಬಂದಳು. “ಅಜ್ಜೀ, ಸಾಕು ಬಿಡು! ಅದು ಮೊದ್ಲೇ ಸ್ಟಾರ್ಟ್ ಆಗಿತ್ತು, ನೀನೇ ಆಫ್ ಮಾಡ್ದೆ!”

ನಿವೃತ್ತ ಬಣ್ಣಗಾರನೊಬ್ಬ ಹಿಂದಿನಿಂದ ನನ್ನ ಹೆಸರು ಹಿಡಿದು ಕೂಗಿದ: “ಏನ್ ಡಿರ್ಚೆ, ಸತ್ತಿದ್ದು ಕಾರೋ, ನಿನ್ ಕಿವಿನೋ?”

“ನನ್ ಕಿವಿ ನೆಟ್ಟಗಿದೆ ಕಣೋ. ನಿನ್ ಹೊಟ್ಟೆ ಗುರ್ ಅನ್ನೋದೂ ಇಲ್ಲಿಗ್ ಕೇಳಿಸ್ತಿದೆ” ಅಂದೆ.

ಎಲ್ಲರೂ ನಕ್ಕರು. ಆಗ ನೀವು ಹೇಳಿದ್ದು ನೆನಪಿದೆಯೇ? “ಅಮ್ಮಾ, ಸದ್ದು ಬೇಕಿದ್ರೆ ಅದಕ್ಕೂ ವ್ಯವಸ್ಥೆ ಇದೆ.” ಒಬ್ಬರು ಏನನ್ನೋ ತಿರುಗಿಸಿದರು, ಧ್ವನಿವರ್ಧಕದಿಂದ ಹನ್ನೆರಡು ಸಿಲಿಂಡರುಗಳು ಗರ್ಜಿಸಿದವು. ಸ್ವಾಮಿ, ಮದುಮಗಳನ್ನು ಕರೆಯಿರಿ ಎಂದರೆ ಅವಳ ಫೋಟೋ ತಂದು ನಿಲ್ಲಿಸುತ್ತೀರಾ?

ನನ್ನ ಮೊಮ್ಮಗಳು ನಿಮ್ಮ ಪಕ್ಷ ಎಂಬುದನ್ನೂ ಮುಚ್ಚಿಡುವುದಿಲ್ಲ. ಅವತ್ತು ಊಟಕ್ಕೆ ಕೂತಾಗ ರೇಗಿದಳು: “ಅಜ್ಜೀ, ಹೈಬ್ರಿಡ್ಡೇ ಹೆಚ್ಚು ಸ್ಪೀಡ್ ಹೋಗುತ್ತೆ. ಕಾನೂನು ಬೇರೆ ಬಿಗಿ ಆಗ್ತಿದೆ. ಹಳೇದಕ್ಕೇ ಜೋತುಬಿದ್ರೆ ಕಾರ್ಖಾನೆ ಮುಚ್ಚುತ್ತೆ, ಆಮೇಲೆ ನಾನೇನು ಜೋಡಿಸ್ಲಿ? ನಿನ್ ಕಾಫಿ ಪಾತ್ರೆನಾ?”

“ಸರಿ ಕಣೇ. ಈಗ ಏನು ಜೋಡಿಸ್ತಿದ್ದೀಯ, ಅದನ್ ಹೇಳು” ಅಂದೆ.

ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ನಮ್ಮಲ್ಲಿ ಒಂದು ಎಂಜಿನ್ನನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಜೋಡಿಸಿ, ತಮ್ಮ ಹೆಸರು ಕೊರೆದ ಲೋಹದ ಪಟ್ಟಿಯನ್ನು ಅದಕ್ಕೆ ಬಿಗಿಯುತ್ತಾರೆ. ನನ್ನ ಗಂಡ ಬಿಟ್ಟುಹೋದ ಕೆಲಸದ ಮೇಜಿನಲ್ಲಿ ಅವಳು ಅದೇ ಕೆಲಸ ಮಾಡುತ್ತಿದ್ದಳು. ಈಗ ಅವಳಿಗೆ ಹೊರಗಿನಿಂದ ಮೊಹರಾಗಿ ಬರುವ ಬ್ಯಾಟರಿ ಪೆಟ್ಟಿಗೆಗಳನ್ನು ಕಾರಿನ ಅಡಿಗೆ ಸಿಕ್ಕಿಸುವ ಕೆಲಸ. ಪೆಟ್ಟಿಗೆಗೆ ಯಾರ ಹೆಸರೂ ಇಲ್ಲ. ಈ ಶರತ್ಕಾಲದಲ್ಲಿ ಆ ಮೇಜುಗಳನ್ನೇ ತೆಗೆಸುತ್ತೀರಂತೆ.

ಬೇಕಾದವರಿಗೆ ಹೈಬ್ರಿಡ್ ಮಾಡಿ ಮಾರಿ, ಅಡ್ಡ ಬರುವುದಿಲ್ಲ. ಆದರೆ ಒಂದು ಮಾದರಿ, ಒಂದೇ ಒಂದು, ಕಾನೂನು ಬಿಡುವ ಕೊನೆಯ ದಿನದವರೆಗೂ ಬರೀ ಎಂಜಿನ್ನಿನದಾಗಿಯೇ ಉಳಿಯಲಿ. ಅದನ್ನು ಜೋಡಿಸುವ ಮೇಜುಗಳೂ ಉಳಿಯಲಿ. ಇದನ್ನು ಓದಿ ಜಿನೆವ್ರಾ ನನ್ನೊಡನೆ ಮಾತು ಬಿಡಬಹುದು. ಬಿಡಲಿ. ಮೇಜು ಎತ್ತಿಸಲೇಬೇಕೆಂದಿದ್ದರೆ ಯಾವತ್ತು ಎಂಬುದನ್ನು ದಯವಿಟ್ಟು ತಿಳಿಸಿ. ಬೆಳಿಗ್ಗೆಯೇ ಬಂದು ಅದರ ಮೇಲೆ ಕೂತಿರುತ್ತೇನೆ. ಮೊದಲು ನನ್ನನ್ನು ಎತ್ತಿಸಿ ನೋಡಿ.

ಇಂತಿ,
ನಿಮ್ಮ ಒಂದು ಕಾರಿನಲ್ಲೂ ಕೂರದೆಯೇ ಮುದುಕಿಯಾದ
ಡಿರ್ಚೆ ಮೊಂತೋರ್ಸಿ
ಮೊಡೆನಾ